ಕೊತ್ತಂಬರಿ ಇರುವ ಏಲ್, ಇಲ್ಲದ ಏಲ್: ಎಡಿನ್‌ಬರಾದಲ್ಲಿ ಎರಡು ಸಂಜೆ, ನಾಲ್ಕು ಬಾಟಲಿ

ಸ್ಕಾಟ್ಲೆಂಡ್‌ನ ಟ್ರಾಕ್ವೇರ್ ಎಂಬ ಹಳೆ ಮನೆಯ ಬ್ರೂವರಿಯವರು ತಮ್ಮ ಜಾಕೊಬೈಟ್ ಏಲ್‌ಗೆ (ಏಲ್ ಎಂದರೆ ಒಂದು ಬಗೆಯ ಬಿಯರ್) ಕೊತ್ತಂಬರಿ ಬೀಜ ಹಾಕುತ್ತಾರೆ ಎಂದು ಗೊತ್ತಾದ ದಿನ ನನಗೆ ನಗು ಬಂದಿತ್ತು. ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಮಾಡುವವರ ಮಗ ನಾನು. ಕೊತ್ತಂಬರಿ ಪಕ್ಕದ ಮನೆಯಲ್ಲಿ ಹುರಿದರೂ ಮೂಗು ಹಿಡಿದುಬಿಡುತ್ತದೆ. ಬಾಟಲಿ ತೆರೆದೆ, ಮೂಸಿದೆ, ಕುಡಿದೆ. ಕೊತ್ತಂಬರಿ ಎಲ್ಲಿ? ಸಕ್ಕರೆ ಸುಟ್ಟು ತಣ್ಣೀರಿಗೆ ಕದಡಿದ ಹಾಗಿತ್ತು, ಅಷ್ಟೆ.

ತಪ್ಪು ನನ್ನದೇ. ಫ್ರಿಜ್‌ನಿಂದ ತೆಗೆದು ಸೀದಾ ಗ್ಲಾಸಿಗೆ ಸುರಿದಿದ್ದೆ. ಆದರೂ ಒಂದು ಹುಳ ತಲೆಗೆ ಹೊಕ್ಕಿತು: ಮೂಗಿಗೇ ಸಿಗದ ಆ ಬೀಜ ಒಳಗೆ ಮಾಡುತ್ತಿರುವುದಾದರೂ ಏನು?

ಅದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ಅದೇ ಬ್ರೂವರಿ ಕೊತ್ತಂಬರಿ ಇಲ್ಲದ ಏಲ್ ಕೂಡ ಮಾಡುತ್ತದೆ, ಹೆಸರು ಟ್ರಾಕ್ವೇರ್ ಹೌಸ್ ಏಲ್, ಮದ್ಯಾಂಶ 7.2%. ಜಾಕೊಬೈಟ್ 8%. ಎರಡನ್ನೂ ಪಕ್ಕಪಕ್ಕ ಇಟ್ಟರೆ ಆಯಿತು. ಹೊರಗಿನ ಎರಡು ಸಾಕ್ಷಿ ಇರಲಿ ಎಂದು ಆರ್ಕ್ನಿ ದ್ವೀಪದ ಸ್ಕಲ್ ಸ್ಪ್ಲಿಟರ್ (8.5%) ಮತ್ತು ಡನ್‌ಬಾರ್ ಊರಿನ ಬೆಲ್‌ಹೇವನ್ ವೀ ಹೆವಿ (6.5%) ತಂದೆ. ಇವೆಲ್ಲ ಒಂದೇ ಕುಲದವು: ಕಪ್ಪುಗೆಂಪು, ಗಟ್ಟಿ, ಹಾಪ್ಸ್ ಹೂವಿನ ಕಹಿ ಕಮ್ಮಿ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ ಜಾಸ್ತಿ. ಸ್ಕಾಟ್ಸ್ ಮಾತಿನಲ್ಲಿ ‘ವೀ’ ಎಂದರೆ ಪುಟ್ಟದು. ಭಾರದ ಬಿಯರ್ ಆದ್ದರಿಂದ ಹಿಂದೆ ಪುಟ್ಟ ಬಾಟಲಿಯಲ್ಲೇ ಮಾರುತ್ತಿದ್ದರು, ಹಾಗಾಗಿ ‘ವೀ ಹೆವಿ’.

ಟ್ರಾಕ್ವೇರ್‌ಗೆ ನಾನು ಹೋಗಿ ಬಂದಿದ್ದೇನೆ. ಎಡಿನ್‌ಬರಾದಿಂದ ಎಕ್ಸ್62 ಬಸ್ ಹತ್ತಿ ಇನರ್‌ಲೀಥನ್‌ನಲ್ಲಿ ಇಳಿದು, ಟ್ವೀಡ್ ನದಿ ದಾಟಿ ನಡೆದರೆ ಸಿಗುತ್ತದೆ. ಕುಡಿಯುವ ಯೋಚನೆ ಇದ್ದರೆ ಕಾರು ಬೇಡವೇ ಬೇಡ, ಕುಡಿದು ಓಡಿಸುವವರಿಗೆ ಸ್ಕಾಟ್ಲೆಂಡ್‌ನಲ್ಲಿ ಇರುವ ಮದ್ಯದ ಮಿತಿ ಇಂಗ್ಲೆಂಡ್‌ಗಿಂತಲೂ ಕಡಿಮೆ. ಸ್ಕಾಟ್ಲೆಂಡ್‌ನಲ್ಲಿ ಜನ ವಾಸವಿರುವ ಮನೆಗಳಲ್ಲಿ ಟ್ರಾಕ್ವೇರ್ ಮನೆಯೇ ಅತಿ ಹಳೆಯದು ಎನ್ನುತ್ತಾರೆ. 1739ರ ತಾಮ್ರದ ಕೊಪ್ಪರಿಗೆ ಅಲ್ಲಿ ಇನ್ನೂ ಇದೆ. ಹಳೆ ಸಾಮಾನಿನ ರಾಶಿಯ ನಡುವೆ ಮರೆತುಹೋಗಿದ್ದ ಬ್ರೂವರಿಯನ್ನು 1965ರಲ್ಲಿ ಮನೆಯ ಯಜಮಾನ ಪೀಟರ್ ಮ್ಯಾಕ್ಸ್‌ವೆಲ್ ಸ್ಟುವರ್ಟ್ ಮತ್ತೆ ಶುರು ಮಾಡಿದರು, ಅದಕ್ಕೆ ಕೈಜೋಡಿಸಿದವರು ಬೆಲ್‌ಹೇವನ್‌ನ ಸ್ಯಾಂಡಿ ಹಂಟರ್. ಅಂದರೆ ನನ್ನ ಮೇಜಿನ ಮೇಲಿದ್ದ ಎದುರಾಳಿಗಳಲ್ಲಿ ಇಬ್ಬರು ಹಳೆ ನೆಂಟರು. ಇವತ್ತಿಗೂ ಟ್ರಾಕ್ವೇರ್‌ನಲ್ಲಿ ಏಲ್ ಹುದುಗುವುದು ಓಕ್ ಮರದ ತೊಟ್ಟಿಗಳಲ್ಲಿ. ಮನೆಯ ಮುಂದೆ ಕರಡಿ ಕಂಬಗಳ ದೊಡ್ಡ ಗೇಟ್ ಇದೆ, 1745ರಲ್ಲಿ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್ ಹೊರಟ ಮೇಲೆ ಮುಚ್ಚಿದ್ದು, ಸ್ಟುವರ್ಟ್ ರಾಜ ಮತ್ತೆ ಪಟ್ಟಕ್ಕೆ ಬರುವವರೆಗೂ ತೆರೆಯುವುದಿಲ್ಲ ಎಂಬುದು ಮನೆತನದ ಕಥೆ. ಸ್ಟುವರ್ಟರ ಪಟ್ಟಕ್ಕಾಗಿ ಆ ವರ್ಷ ಚಾರ್ಲ್ಸ್ ಎಬ್ಬಿಸಿದ ದಂಗೆಗೆ 250 ವರ್ಷ ತುಂಬಿದಾಗ, 1995ರಲ್ಲಿ, ಮಾಡಿದ ಏಲ್ ಜಾಕೊಬೈಟ್. ಸ್ಟುವರ್ಟರ ಪಕ್ಷದವರಿಗೆ ಇದ್ದ ಹೆಸರು ಅದು.

ಸರಿ, ರುಚಿಗೆ ಬರೋಣ. ಈ ಸಲ ಬಾಟಲಿಗಳನ್ನು ಒಂದು ಗಂಟೆ ಮೊದಲೇ ಹೊರಗಿಟ್ಟೆ, 13 ಡಿಗ್ರಿ ಆಸುಪಾಸು. ಪೈಂಟ್ ಗ್ಲಾಸ್ ಬೇಡ, ವೈನ್ ಗ್ಲಾಸ್ ಸಾಕು. ಗೆಳೆಯನೊಬ್ಬ ಅಡುಗೆಮನೆಯಲ್ಲಿ ಸುರಿದು, ಯಾವುದು ಯಾವುದೆಂದು ಹೇಳದೆ ತಂದುಕೊಟ್ಟ.

ಹೌಸ್ ಏಲ್ ಬೆಳಕಿಗೆ ಹಿಡಿದರೆ ಕೆಂಪು. ಒಣದ್ರಾಕ್ಷಿ, ಸ್ವಲ್ಪ ಮರದ ವಾಸನೆ, ಹುರಿದ ಕಡಲೆಬೀಜದ ಸಿಪ್ಪೆಯಂಥದ್ದೇನೋ ಒಂದು. ಬಾಯಿ ತುಂಬುತ್ತದೆ, ಆದರೆ ಅಂಟುವುದಿಲ್ಲ. ಮೊದಲ ಗುಟುಕಿಗೇ ಎಲ್ಲ ಹೇಳಿಬಿಡುವ ಏಲ್ ಇದು, ಅದೇ ಅದರ ಸೊಗಸು.

ಜಾಕೊಬೈಟ್ ಇನ್ನೂ ಕಪ್ಪು, ಇನ್ನೂ ದಪ್ಪ. ಮೊದಲು ಬಂದದ್ದು ಜೋನಿಬೆಲ್ಲ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕೆಂಪಾಗುವಾಗ ಏಳುತ್ತದಲ್ಲ, ಆ ಹಬೆಯೇ. ಆಮೇಲೆ ಕಪ್ಪು ಚಾಕೊಲೇಟ್. ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿದಾಗ ಕಿತ್ತಳೆ ಸಿಪ್ಪೆ ಬಂತು. ಅಲ್ಲೇ ನನಗೆ ಹೊಳೆದದ್ದು. ನಾನು ಹುಡುಕುತ್ತಿದ್ದದ್ದು ಹುರಿದ ಕೊತ್ತಂಬರಿ, ಇಲ್ಲಿರುವುದು ಹುರಿಯದ ಕೊತ್ತಂಬರಿ! ಆ ಬೀಜದ ಎಣ್ಣೆಯಲ್ಲಿ ಲಿನಲೂಲ್ ಎಂಬ ಪರಿಮಳದ ಅಂಶ ಜಾಸ್ತಿ. ಅದು ಹಾಪ್ಸ್‌ನಲ್ಲೂ ಇದೆ. ಅದಕ್ಕೇ ಇದು ಮಸಾಲೆಯ ಹಾಗೆ ಮೇಲೆ ತೇಲದೆ, ಬಿಯರ್‌ನದ್ದೇ ಪರಿಮಳದ ಜೊತೆ ಸೇರಿಹೋಗುತ್ತದೆ. ಪಾಯಸದ ಏಲಕ್ಕಿಯನ್ನು ಯಾರೂ ಹೊಗಳುವುದಿಲ್ಲ, ಮರೆತ ದಿನ ಮಾತ್ರ ಎಲ್ಲರೂ ಕೇಳುತ್ತಾರೆ, ಅಲ್ವಾ? ಇಲ್ಲೂ ಹಾಗೆಯೇ. ಅಷ್ಟು ಸಿಹಿ ನಾಲಗೆಯ ಮೇಲೆ ಕೂತು ಭಾರವಾಗುವ ಹೊತ್ತಿಗೆ ಏನೋ ಅದನ್ನು ಎತ್ತಿ ಒರೆಸಿ ಹೋಗುತ್ತದೆ.

ಇದು ಭ್ರಮೆಯಲ್ಲ ಎಂದು ಖಾತ್ರಿಯಾದದ್ದು ಮರುದಿನ ಸ್ಕಲ್ ಸ್ಪ್ಲಿಟರ್ ಕುಡಿದಾಗ. ಆರ್ಕ್ನಿಯನ್ನು ಆಳಿದ ವೈಕಿಂಗ್ ಅರ್ಲ್ ಥಾರ್ಫಿನ್‌ನ ಅಡ್ಡಹೆಸರು ಅದು, ತಲೆ ಸೀಳುವವನು. ಅಂಜೂರ, ಖರ್ಜೂರ, ಎದೆಗಿಳಿಯುವ ಬಿಸಿ, ಎಲ್ಲ ಇದೆ. ಒಂಟಿಯಾಗಿ ಕುಡಿದರೆ ಚೆಂದವೇ. ಜಾಕೊಬೈಟ್ ಪಕ್ಕದಲ್ಲಿ ಇಟ್ಟಾಗ ಮಾತ್ರ ಸಿಹಿ ಕೊನೆಯವರೆಗೂ ಕದಲುವುದಿಲ್ಲ, ಅರ್ಧ ಗ್ಲಾಸಿಗೆ ಸಾಕೆನಿಸಿತು. ಬೆಲ್‌ಹೇವನ್ ಹಗುರ, ಟಾಫಿ ರುಚಿ, ತಕರಾರಿಲ್ಲ. ಈ ಜಾತಿಯ ಏಲ್ ಕುಡಿದೇ ಇಲ್ಲದವರಿಗೆ ಮೊದಲು ಅದನ್ನೇ ಕೊಡುತ್ತೇನೆ. ಅಂದ ಹಾಗೆ, ನಾಲ್ಕರಲ್ಲಿ ಒಂದರಲ್ಲೂ ನನಗೆ ಹೊಗೆ ಸಿಗಲಿಲ್ಲ. ಈ ಜಾತಿಗೆ ಸ್ಕಾಚ್ ಏಲ್ ಎಂದೂ ಹೆಸರು, ಹಾಗಾಗಿ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿ ಉರಿಸುವ ಮಣ್ಣು) ಹೊಗೆ ಇರಲೇಬೇಕು ಎಂದು ಬೇರೆ ದೇಶದ ಕೆಲವರು ಹೊಗೆ ಹಿಡಿಸಿದ ಮಾಲ್ಟ್ ಸುರಿಯುತ್ತಾರೆ. ಸ್ಕಾಚ್ ವಿಸ್ಕಿಯ ಚಾಳಿಯನ್ನು ಬಿಯರ್‌ಗೆ ಅಂಟಿಸುವುದು ಯಾಕೋ!

ತಿನ್ನಲು ಲ್ಯಾನಾರ್ಕ್ ಬ್ಲೂ ಚೀಸ್ ಇಟ್ಟಿದ್ದೆ, ಊರಿಂದ ಬಂದ ಕಡಲೆಬೀಜದ ಚಿಕ್ಕಿಯೂ ಇತ್ತು. ಚಿಕ್ಕಿ ಹೌಸ್ ಏಲ್‌ಗೆ ಹೊಂದಿತು, ಚೀಸ್ ಜಾಕೊಬೈಟ್‌ಗೆ. ಖಾರದ ಮಿಕ್ಸ್ಚರ್ ಮಾತ್ರ ದಯವಿಟ್ಟು ಬೇಡ, ಖಾರದ ಮೇಲೆ 8% ಬಿದ್ದರೆ ಬಾಯಲ್ಲಿ ಬರೀ ಉರಿ.

ಯಾವುದು ಗೆದ್ದಿತು ಎಂದರೆ, ಒಂದೇ ಬಾಟಲಿ ಕೊಳ್ಳುವ ದಿನ ಜಾಕೊಬೈಟ್. ಎರಡು ಕುಡಿಯುವ ದಿನ ಹೌಸ್ ಏಲ್, ಎರಡನೇ ಜಾಕೊಬೈಟ್ ನನ್ನ ಕೈಲಾಗುವುದಿಲ್ಲ.

ಕೊನೆಗೆ ಗೆಳೆಯ ಐದನೇ ಗ್ಲಾಸೊಂದನ್ನು ತಂದಿಟ್ಟು, ‘ಇದು ಯಾವುದು ಹೇಳು’ ಎಂದ. ಮೂಸಿದೆ, ಹೌಸ್ ಏಲ್ ಹಾಗಿತ್ತು, ಆದರೆ ಮೇಲೆ ಒಣ ಧೂಳಿನಂಥ ವಾಸನೆ, ನಮ್ಮನೆಯ ಸಾಂಬಾರ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ನನ್ನದೇ ಡಬ್ಬಿಯಿಂದ ನಾಲ್ಕು ಕೊತ್ತಂಬರಿ ಬೀಜ ತೆಗೆದು ಜಜ್ಜಿ ಹಾಕಿದ್ದನಂತೆ, ಪುಣ್ಯಾತ್ಮ. ಅರ್ಧ ಗ್ಲಾಸ್ ಒಳ್ಳೆಯ ಏಲ್ ಸಿಂಕಿಗೆ ಹೋಯಿತು.