ಝಡ್80ಗೆ ಟರ್ಮಿನಲ್: ಪಿಕೋ ತಗೊಳ್ಳೋದಾ, ಇಎಸ್‌ಪಿ32 ತಗೊಳ್ಳೋದಾ?

ಝಡ್80 ಕಂಪ್ಯೂಟರಿಗೆ ಟರ್ಮಿನಲ್ (ಪರದೆ, ಕೀಬೋರ್ಡಿನ ವ್ಯವಸ್ಥೆ) ಮಾಡಿಕೊಳ್ಳಲು ಪಿಕೋ, ಇಎಸ್‌ಪಿ32 ಅನ್ನುವ ಎರಡು ಪುಟ್ಟ ಮೈಕ್ರೋಕಂಟ್ರೋಲರುಗಳನ್ನು ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾಸ್‌ಬೆರಿ ಪೈ ಪಿಕೋಗೆ. ಇಎಸ್‌ಪಿ32 ಇರುವ ವಿಜಿಎ32 ಬೋರ್ಡಿಗೆ ನಾನು ಅದರ ಮೂರು ಪಟ್ಟು ದುಡ್ಡು ಕೊಟ್ಟಿದ್ದೆ. ಈಗ ದಿನಾ ಓಡುತ್ತಿರುವುದು ಮಾತ್ರ ಪಿಕೋನೇ.

ಕೆಲಸ ಇಷ್ಟೇ. ನನ್ನ ಹತ್ತಿರ ಆರ್‌ಸಿ2014 ಅನ್ನುವ, ನಾವೇ ಜೋಡಿಸಿಕೊಳ್ಳುವ ಕಂಪ್ಯೂಟರ್ ಕಿಟ್ ಇದೆ. ಹಳೇ ಕಾಲದ ಝಡ್80 ಪ್ರೊಸೆಸರ್, ಅದರ ಮೇಲೆ ಸಿಪಿ/ಎಂ 2.2 ಅನ್ನುವ ಹಳೇ ಆಪರೇಟಿಂಗ್ ಸಿಸ್ಟಮ್. ಅದಕ್ಕೆ ಸ್ವಂತ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ, ಇರುವುದು ಸೀರಿಯಲ್ ಪೋರ್ಟ್. ಅದರ ಪ್ರೊಸೆಸರ್ ಕ್ಲಾಕ್ 7.3728 ಮೆಗಾಹರ್ಟ್ಸ್. ಇದೇನು ವಿಚಿತ್ರ ಸಂಖ್ಯೆ ಅನ್ನಬೇಡಿ, 64ರಿಂದ ಭಾಗಿಸಿ ನೋಡಿ, ಸರಿಯಾಗಿ 115200 ಬಾಡ್ (ಸೀರಿಯಲ್ ಲೈನಿನ ವೇಗ) ಸಿಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಮಿನಿಕಾಮ್ ಅನ್ನುವ ಟರ್ಮಿನಲ್ ಪ್ರೋಗ್ರಾಂ ತೆರೆದರೂ ಕೆಲಸ ಆಗುತ್ತದೆ. ಆದರೆ ಹಳೇ ಕಂಪ್ಯೂಟರ್ ಮಜಾ ಲ್ಯಾಪ್‌ಟಾಪ್ ಕಿಟಕಿಯಲ್ಲಿ ಬರಲ್ಲ, ಅಲ್ವಾ? ಬಳ್ಳಾರಿಯ ಕೌಲ್ ಬಜಾರಿನ ಗುಜರಿಯಲ್ಲಿ ಸಿಕ್ಕ ವಿಜಿಎ ಮಾನಿಟರ್ ಮನೆಯಲ್ಲಿತ್ತು. 1978ರ ವಿಟಿ100 ಟರ್ಮಿನಲ್ ಥರ 80 ಅಕ್ಷರ, 24 ಸಾಲು ಅದರ ಮೇಲೆ ಬರಬೇಕಿತ್ತು.

ಬೋರ್ಡಿನ ಮಟ್ಟಿಗೆ ವಿಜಿಎ32 ಚೆನ್ನಾಗಿಯೇ ಇದೆ. ವಿಜಿಎ ಸಾಕೆಟ್, ಎರಡು ಪಿಎಸ್/2 ಪೋರ್ಟ್ ಎಲ್ಲಾ ಬೋರ್ಡಿನಲ್ಲೇ ಇವೆ. ಇಎಸ್‌ಪಿ32ರಿಂದ ಚಿತ್ರ ಹೊರಡಿಸುವ ಫ್ಯಾಬ್‌ಜಿಎಲ್ ಲೈಬ್ರರಿ ಜೊತೆಗೆ ಬರುವ ಆನ್ಸಿ ಟರ್ಮಿನಲ್ ಸ್ಕೆಚ್ (ಆರ್ಡುಯಿನೊ ಪ್ರೋಗ್ರಾಂ) ಹಾಕಿದರೆ ಮುಗೀತು. ಎಫ್12 ಒತ್ತಿದರೆ ಬಾಡ್ ರೇಟ್, ಬಣ್ಣ, ಫಾಂಟ್ ಬದಲಿಸುವ ಮೆನು ಬರುತ್ತದೆ. ಚಂದದ ಮೆನು.

ಆದರೆ ಆ ಸ್ಕೆಚ್ಚನ್ನು ನಾವೇ ಕಂಪೈಲ್ ಮಾಡಬೇಕು. ತಲೆನೋವು ಅಲ್ಲೇ. ಕಂಪೈಲ್ ಮಾಡುವ ಆರ್ಡುಯಿನೊ ಐಡಿಇಯಲ್ಲಿ ಇಎಸ್‌ಪಿ32ಗೆ ಬೋರ್ಡ್ ಪ್ಯಾಕೇಜ್ (ಆ ಚಿಪ್ಪಿಗೆ ಬೇಕಾದ ಕಂಪೈಲರ್, ಕೋಡಿನ ಕಟ್ಟು) ಬೇಕು. ಸುಮ್ನೆ ಇನ್‌ಸ್ಟಾಲ್ ಒತ್ತಿದರೆ ಹೊಸದು, ಅಂದರೆ 3ರ ಸರಣಿ ಬರುತ್ತದೆ. ನೂರಾರು ಎಂಬಿ. ನಮ್ಮ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟೇ ಗತಿ. ಅರ್ಧ ಇಳಿಯುವಷ್ಟರಲ್ಲಿ ಕರೆಂಟ್ ಹೋಯಿತು, ಏಪ್ರಿಲ್ ಬಿಸಿಲಿಗೆ ಲ್ಯಾಪ್‌ಟಾಪ್ ಬ್ಯಾಟರಿಯೂ ಕೈಕೊಟ್ಟಿತು. ಕೊನೆಗೆ ಪೂರ್ತಿ ಇಳಿದ ಮೇಲೆ ಕಂಪೈಲ್ ಕೊಟ್ಟರೆ ಪರದೆ ತುಂಬಾ ಕೆಂಪು ಅಕ್ಷರ.

ಕಾರಣ ದೊಡ್ಡ ರಹಸ್ಯವೇನಲ್ಲ. ಇಎಸ್‌ಪಿ32 ಒಳಗೆ ವಿಜಿಎ ಅನ್ನುವ ಭಾಗವೇ ಇಲ್ಲ. ಶಬ್ದಕ್ಕೆ ಅಂತ ಇರುವ ಐ2ಎಸ್ ಭಾಗವನ್ನು ಫ್ಯಾಬ್‌ಜಿಎಲ್ ಬಗ್ಗಿಸಿ ಅದರಿಂದ ಚಿತ್ರ ಹೊರಡಿಸುತ್ತದೆ. ಜಾಣತನದ ಕೆಲಸ, ಒಪ್ಪಲೇಬೇಕು. ಆದರೆ ಹಾರ್ಡ್‌ವೇರನ್ನು ಇಷ್ಟು ಹತ್ತಿರದಿಂದ ಹಿಡಿದ ಕೋಡ್, ಕೆಳಗಿನ ಪ್ಯಾಕೇಜ್ ಬದಲಾದರೆ ನಿಲ್ಲುವುದಿಲ್ಲ. ಹಳೇ 2ರ ಸರಣಿಗೆ ಇಳಿಸಬೇಕು, ಅಂದರೆ ಮತ್ತೆ ನೂರಾರು ಎಂಬಿ. ಅದಾದ ಮೇಲೂ ಐಡಿಇ ಸುಮ್ಮನಿರಲ್ಲ. ‘ಅಪ್‌ಡೇಟ್ ಬಂದಿದೆ, ಎಲ್ಲಾ ಹಾಕಲಾ?’ ಅಂತ ಮೂಲೆಯಲ್ಲಿ ಕೇಳುತ್ತಲೇ ಇರುತ್ತದೆ. ಮನೆಯಲ್ಲಿ ಬೇರೆ ಯಾರಾದರೂ ಹೂಂ ಅಂದರೆ ಮತ್ತೆ ಮೊದಲಿನಿಂದ ಶುರು.

ಪಿಕೋದಲ್ಲಿ ಈ ಗೋಳೇ ಇಲ್ಲ. ಡೇವಿಡ್ ಹ್ಯಾನ್ಸೆಲ್ ಬರೆದ ವರ್ಸಾಟರ್ಮ್ ಅನ್ನುವ ಟರ್ಮಿನಲ್ ಪ್ರೋಗ್ರಾಂನ, ಮೊದಲೇ ಕಂಪೈಲ್ ಆಗಿರುವ ಯುಎಫ್2 ಫೈಲ್ ಇಳಿಸಿಕೊಂಡೆ. ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಕೇಬಲ್ ಚುಚ್ಚಿದರೆ ಪಿಕೋ ಪೆನ್‌ಡ್ರೈವ್ ಥರ ಕಾಣುತ್ತದೆ. ಫೈಲ್ ಎಳೆದು ಹಾಕಿದೆ, ಅಷ್ಟೇ. ವಿಜಿಎ ಸಾಕೆಟ್ಟು, ರೆಸಿಸ್ಟರುಗಳನ್ನು ನಾವೇ ಬೆಸುಗೆ ಹಾಕಬೇಕು. ಬೆಸುಗೆ ನನಗೆ ಇಷ್ಟ, ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಪಿಕೋದ ಯುಎಸ್‌ಬಿ ಕಿಂಡಿಗೆ ಕೀಬೋರ್ಡ್ ಹೋಗುತ್ತದೆ. ಅದಕ್ಕೆ ಒಟಿಜಿ ಕೇಬಲ್ ಬೇಕು, ಕರೆಂಟನ್ನು ವಿಬಸ್ (ಯುಎಸ್‌ಬಿಯ 5 ವೋಲ್ಟ್) ಪಿನ್ನಿಗೆ ಬೇರೆಯಾಗಿ ಕೊಡಬೇಕು. ನಾನು ಆರ್‌ಸಿ2014ರ 5 ವೋಲ್ಟ್ ಲೈನಿನಿಂದಲೇ ಎಳೆದಿದ್ದೇನೆ. ಹಾಗೆ ಕೊಟ್ಟಿರುವಾಗ ಅದೇ ಕಿಂಡಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಬೇಡಿ.

ಎರಡೂ ಬೋರ್ಡು 3.3 ವೋಲ್ಟಿನವು. ಝಡ್80 ಕಡೆಯಿಂದ ಬರುವ 5 ವೋಲ್ಟ್ ಲೈನಿಗೆ 1ಕೆ, 2ಕೆ ರೆಸಿಸ್ಟರ್ ಡಿವೈಡರ್ ಹಾಕಿ ವೋಲ್ಟೇಜ್ ಇಳಿಸಿಕೊಳ್ಳಿ.

ಬ್ಯಾಕ್‌ಸ್ಪೇಸ್ ವಿಷಯವೂ ಇದೆ. ಆ ಕೀಲಿ ಒತ್ತಿದಾಗ ಸಿಪಿ/ಎಂ 2.2ಗೆ 127 ಕೋಡ್ ಹೋದರೆ ಅಕ್ಷರ ಪರದೆಯಿಂದ ಅಳಿಯಲ್ಲ, ಅಳಿಸಿದ ಅಕ್ಷರವೇ ಇನ್ನೊಮ್ಮೆ ಮೂಡುತ್ತದೆ. ಡಿಐಆರ್ ಅಂತ ಹೊಡೆದು ಅಳಿಸಹೋದರೆ ಡಿಐಆರ್‌ಆರ್ ಕಾಣುತ್ತದೆ. ಸರಿಯಾಗಿ ಅಳಿಯಬೇಕಾದರೆ 8 ಹೋಗಬೇಕು. ವರ್ಸಾಟರ್ಮ್ ಮೆನುವಿನಲ್ಲಿ ಇದನ್ನು ಬದಲಿಸಿಕೊಂಡೆ. ಇಎಸ್‌ಪಿ32ರಲ್ಲಿ 8 ಕಳಿಸುವ ಕಂಟ್ರೋಲ್-ಎಚ್ ಒತ್ತಿಯೇ ದಿನ ದೂಡುತ್ತಿದ್ದೆ.

ನಿಮ್ಮ ಹತ್ತಿರ ಹಳೇ ಪಿಎಸ್/2 ಕೀಬೋರ್ಡ್ ಇದ್ದು, ಬೆಸುಗೆ ಬೇಡ ಅಂದರೆ, ಮನೆಯಲ್ಲಿ ಒಳ್ಳೇ ಫೈಬರ್ ಇಂಟರ್‌ನೆಟ್ ಇದ್ದರೆ ವಿಜಿಎ32 ತಗೊಳ್ಳಿ, ಬೇಡ ಅನ್ನಲ್ಲ. ನಾನು ಭಾನುವಾರ ಮಾತ್ರ ಕೂರುವವನು. ಆ ಹೊತ್ತು ಪ್ಯಾಕೇಜ್ ಇಳಿಸೋದರಲ್ಲಿ ಹೋಗೋದು ನನಗೆ ಬೇಡ. ಪಿಕೋ ತಗೊಳ್ಳುವಾಗ ಹೆಡರ್ ಪಿನ್ ಹಾಕಿರುವ ‘ಎಚ್’ ಮಾದರಿ ಕೇಳಿ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಬ್ರೆಡ್‌ಬೋರ್ಡಿಗೆ ನೇರ ಕೂರುತ್ತದೆ. ವೈಫೈ ಇರುವ ‘ಡಬ್ಲ್ಯೂ’ಗೆ ದುಡ್ಡು ಸುರಿಯಬೇಡಿ, ಈ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ.