ಮರಿಮೀನಿಗೆ ಆರ್ಟೀಮಿಯಾ ಮೊಟ್ಟೆ: ಬಳ್ಳಾರಿ ಬೇಸಿಗೆಯಲ್ಲೂ ಬಳಸಿದ ಮೇಲಿನ ಅಭಿಪ್ರಾಯ

ಗಪ್ಪಿ, ಮಾಲಿ, ಫೈಟರ್‌ನಂಥ ಅಕ್ವೇರಿಯಂ ಮೀನುಗಳ ಮರಿಗಳಿಗೆ ಜೀವಂತ ಆಹಾರ ಅಂದರೆ ಬಹಳ ಜನ ಮೊದಲು ಕೈಹಾಕುವುದು ಟ್ಯೂಬಿಫೆಕ್ಸ್ ಹುಳಕ್ಕೆ. ಅದು ಬೆಳೆಯುವುದೇ ಚರಂಡಿ ಕೆಸರಿನಲ್ಲಿ. ಎಷ್ಟು ತೊಳೆದರೂ ಹುಳದ ಹೊಟ್ಟೆಯೊಳಗಿನ ಕೊಳೆ ಪೂರ್ತಿ ಹೋಗುವುದಿಲ್ಲ, ಮರಿ ಸಾಯಲು ಅಷ್ಟು ಸಾಕು. ಆರ್ಟೀಮಿಯಾ ಅಂದರೆ ಸಿಗಡಿ ಜಾತಿಯ ಪುಟ್ಟ ಉಪ್ಪುನೀರಿನ ಜೀವಿ. ಅದರ ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ, ಮನೆಯಲ್ಲೇ ಉಪ್ಪುನೀರಿನಲ್ಲಿ ಮರಿ ಮಾಡುವುದರಿಂದ ಆ ಭಯ ತೀರಾ ಕಡಿಮೆ. ಈ ಒಂದು ಕಾರಣಕ್ಕೇ ಡಬ್ಬಿಗೆ ಕೊಟ್ಟ ದುಡ್ಡು ಸಾರ್ಥಕ.

ಆದರೆ ಡಬ್ಬಿ ಮೇಲಿನ ‘ಶೇ. 90 ಮರಿ’ ಅನ್ನುವುದು ಸುಮಾರು 28 ಡಿಗ್ರಿ ನೀರಿನ ಲೆಕ್ಕ. ಏಪ್ರಿಲ್, ಮೇನಲ್ಲಿ ಬಳ್ಳಾರಿಯ ಕೋಣೆಯೊಳಗಿನ ನೀರೇ ಅದನ್ನು ದಾಟುತ್ತದೆ. ಬಿಸಿ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ, ಬ್ಯಾಕ್ಟೀರಿಯಾ ಜಾಸ್ತಿ. ಮೊಟ್ಟೆ ಹಾಕಿದ ಬಾಟಲಿಯನ್ನು ಅಗಲ ಬೋಗುಣಿಯ ನೀರಿನಲ್ಲಿಟ್ಟು, ಮೇಲೆ ಒದ್ದೆ ಗೋಣಿ ಸುತ್ತಿ. ನಮ್ಮ ಒಣಗಾಳಿಗೆ ಇದು ಚೆನ್ನಾಗಿ ತಂಪಾಗುತ್ತದೆ. ಬೆಳಕು ಬೀಳಲು ಒಂದು ಬದಿ ಬಿಡಿ, ಮೊಟ್ಟೆಗೆ ಶುರುವಿನಲ್ಲಿ ಬೆಳಕು ಬೇಕು.

ಅಳತೆ: 1 ಲೀಟರ್ ನೀರಿಗೆ 25 ಗ್ರಾಂ ಹರಳುಪ್ಪು, 1 ಗ್ರಾಂ ಮೊಟ್ಟೆ. ಒಂದು ಗ್ರಾಮಿನಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇರುತ್ತವೆ, ಕೆಲವೇ ಮರಿಮೀನುಗಳಿದ್ದರೆ ಅರ್ಧ ಗ್ರಾಮೂ ಜಾಸ್ತಿ. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಗಿ. ಶುದ್ಧ ನೀರಿನ ಘಟಕದ ಕ್ಯಾನ್ ನೀರೂ ಬೇಡ. ಅದರ ಪಿಎಚ್ (ಆಮ್ಲ-ಕ್ಷಾರದ ಮಟ್ಟ) 8ರ ಆಸುಪಾಸು ನಿಲ್ಲುವುದಿಲ್ಲ, ಅದನ್ನೇ ಬಳಸಬೇಕಾದರೆ ಚಿಟಿಕೆ ಅಡುಗೆ ಸೋಡಾ ಹಾಕಿ. ಗಡಸು ಬೋರ್ ನೀರು ಇದಕ್ಕೆ ಹೇಳಿಮಾಡಿಸಿದ್ದು. ನಲ್ಲಿ ನೀರನ್ನು ಕ್ಲೋರಿನ್ ಹೋಗಲು ರಾತ್ರಿಯಿಡೀ ತೆರೆದಿಡಿ.

ತಳ ಕತ್ತರಿಸಿದ 2 ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿ ತಲೆಕೆಳಗಾಗಿ ಸಾಕು. ಗಾಳಿ ಪಂಪಿನ ಪೈಪಿನ ತುದಿಯಲ್ಲಿ ಸಣ್ಣ ಗುಳ್ಳೆ ಮಾಡುವ ಏರ್ ಸ್ಟೋನ್ ಇದ್ದರೆ ತೆಗೆದು ಬರೀ ಪೈಪು ತಳಕ್ಕೆ ಇಳಿಸಿ. ಸಣ್ಣ ಗುಳ್ಳೆಗೆ ನೊರೆ ಬಂದು ಮೊಟ್ಟೆಗಳು ಗೋಡೆಗೆ ಅಂಟಿ ಒಣಗುತ್ತವೆ, ಆಮೇಲೆ ‘ಡಬ್ಬಿ ಸರಿಯಿಲ್ಲ’ ಅನ್ನುವ ದೂರು. ಕರೆಂಟ್ ಹೋದರೆ ಮರಿಗಳು ತಳದಲ್ಲಿ ಗುಡ್ಡೆಯಾಗಿ ಉಸಿರುಗಟ್ಟುತ್ತವೆ. ಬ್ಯಾಟರಿ ಪಂಪ್ ಇಲ್ಲದಿದ್ದರೆ ಅಗಲ ತಟ್ಟೆಗೆ ಬಗ್ಗಿಸಿಡಿ.

ಸುಮಾರು 24 ಗಂಟೆಗೆ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳ ಸೇರುತ್ತದೆ. ಪಕ್ಕದಲ್ಲಿ ಟಾರ್ಚ್ ಹಿಡಿದರೆ ಮರಿಗಳು ಬೆಳಕಿಗೆ ಮುತ್ತುತ್ತವೆ. ಅಲ್ಲಿಂದಲೇ ಸಣ್ಣ ಪೈಪಿನಲ್ಲಿ ಎಳೆದು, ದಟ್ಟ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಸಿಪ್ಪೆ ಹೊಟ್ಟೆಗೆ ಹೋದರೆ ಮರಿಮೀನಿನ ಕರುಳು ಕಟ್ಟಿಕೊಳ್ಳಬಹುದು, ಇಲ್ಲಿ ಅವಸರ ಬೇಡ. ಮರಿಮೀನಿನ ಹೊಟ್ಟೆ ಕಿತ್ತಳೆಯಾಗಿ ಹೊರಗೇ ಕಂಡರೆ ತಿಂದಿದೆ ಎಂದರ್ಥ. ಸಿಹಿನೀರಿನಲ್ಲಿ ಆರ್ಟೀಮಿಯಾ ಮರಿಗಳು ಕೆಲವೇ ಗಂಟೆ ಬದುಕುತ್ತವೆ, ಹತ್ತು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ಮರುದಿನಕ್ಕೆ ಉಳಿಸಿದರೆ ಅವುಗಳ ಒಳಗಿನ ಆಹಾರದ ಭಂಡಾರ ಖಾಲಿಯಾಗಿ ಸತ್ವ ಇಳಿಯುತ್ತದೆ. ಫೈಟರ್ ಮರಿಗೆ ಮೊದಲ ಕೆಲವು ದಿನ ಇದು ದೊಡ್ಡದಾಗಬಹುದು, ಅಲ್ಲಿಯವರೆಗೆ ಇನ್ಫ್ಯೂಸೋರಿಯಾ (ನೀರಿನಲ್ಲಿನ ಅತಿಸೂಕ್ಷ್ಮ ಜೀವಿಗಳು) ಕೊಡಿ.

ನ್ಯೂಟ್ (ಹಲ್ಲಿಯಂತೆ ಕಾಣುವ ಉಭಯಚರ) ಮರಿಗಳಿಗೂ ಇದೇ ಆಹಾರ ನಡೆಯುತ್ತದೆ. ಆದರೆ ಅವಕ್ಕೆ 20 ಡಿಗ್ರಿ ಆಸುಪಾಸಿನ ತಣ್ಣೀರು ಬೇಕು. ನೀರು ತಣ್ಣಗಿಡುವ ಚಿಲ್ಲರ್ ಯಂತ್ರ ಇಲ್ಲದೆ ಬಳ್ಳಾರಿಯಲ್ಲಿ ಸಾಕಲು ಹೋಗಬೇಡಿ.

ಡಬ್ಬಿ ಕೆಡುವುದು ತೇವದಿಂದ. ತೆರೆದ ದಿನವೇ ಚಿಕ್ಕ ಜಿಪ್ ಕವರುಗಳಿಗೆ ಹಂಚಿ, ಸಿಲಿಕಾ ಜೆಲ್ ಹಾಕಿ ಫ್ರಿಜ್‌ನಲ್ಲಿಡಿ. ಬಳಸುವ ಕವರನ್ನು ಮಾತ್ರ ಹೊರಗೆ ತೆಗೆದು, ಕೋಣೆಯ ಬಿಸಿಗೆ ಬಂದ ಮೇಲೆಯೇ ಬಿಚ್ಚಿ. ಒಂದೇ ಟ್ಯಾಂಕಿನವರು ದೊಡ್ಡ ಡಬ್ಬಿ ಕೊಳ್ಳುವ ಅಗತ್ಯವಿಲ್ಲ, 25 ಗ್ರಾಂ ಪ್ಯಾಕ್ ಸಾಕು.