ಮಂಜಿನ ಬೆಟ್ಟದಲ್ಲಿ ಮರುಭೂಮಿಯ ಕತೆ: ಕೈಮರ ದಾಟಿದ ಮೇಲಿನ ನಕ್ಷೆ-ಕಂಪಾಸ್ ಕ್ಲಾಸ್ ಹೇಗಿದೆ

ಚಿಕ್ಕಮಗಳೂರಿಗೆ ಬಂದವರೆಲ್ಲ ಮುಳ್ಳಯ್ಯನಗಿರಿ ಹತ್ತಿ, ಫೋಟೋ ತೆಗೆದು, ಸುಟ್ಟ ಜೋಳ ತಿಂದು ಇಳಿಯುತ್ತಾರೆ. ಮುಂದಿನ ಸಲ ಬಂದಾಗ ಒಂದು ದಿನ ಈ ಕ್ಲಾಸಿಗೆ ಕೊಡಿ. ಕೈಮರದ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿ ಕಡೆ ಹೋಗುವಾಗ ಸಿಗುವ ಒಂದು ಹೋಮ್‌ಸ್ಟೇಯವರು ಇದನ್ನು ನಡೆಸುತ್ತಾರೆ. ನಕ್ಷೆ ಓದುವುದು, ಕಂಪಾಸ್ ಹಿಡಿಯುವುದು, ಮಂಜು ಮುಚ್ಚಿದಾಗ ಎಲ್ಲಿದ್ದೇವೆ ಅಂತ ಕಂಡುಕೊಳ್ಳುವುದು, ಇಷ್ಟೇ ವಿಷಯ. ಕಲಿಸುವವರು ವಾಯುಪಡೆಯಲ್ಲಿ ನ್ಯಾವಿಗೇಟರ್ ಆಗಿದ್ದು ನಿವೃತ್ತರಾದ ಹಾಸನದ ಹಿರಿಯರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ. ಅಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಾರೆ.

ಬೆಳಗ್ಗೆ ಮೊದಲ ಒಂದು ಗಂಟೆ ಕಂಪಾಸ್ ಮುಟ್ಟಿಸುವುದೇ ಇಲ್ಲ. ಗೋಡೆಗೆ ಲಿಬಿಯಾದ ನಕ್ಷೆ ಅಂಟಿಸಿ ಒಂದು ವಿಮಾನದ ಕತೆ ಹೇಳುತ್ತಾರೆ. ಕಾಫಿ ತೋಟದಲ್ಲಿ ಕೂತು ಸಹಾರಾ ಯಾಕೆ ಕೇಳಬೇಕು ಅಂತ ಶುರುವಿನಲ್ಲಿ ಅನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೂತರೆ ಆಮೇಲಿನ ಇಡೀ ದಿನ ಆ ಕತೆಯ ಮೇಲೇ ನಿಂತಿದೆ ಅಂತ ಗೊತ್ತಾಗುತ್ತದೆ.

1943ರ ಏಪ್ರಿಲ್ 4. ಅಮೆರಿಕದ ಬಿ-24 ಲಿಬರೇಟರ್ ಬಾಂಬರ್, ಹೆಸರು 'ಲೇಡಿ ಬಿ ಗುಡ್'. ಬೆಂಘಾಜಿ ಹತ್ತಿರದ ಸೊಲುಕ್ ನೆಲೆಯಿಂದ ಇಟಲಿಯ ನೇಪಲ್ಸ್ ಬಂದರಿನ ಮೇಲೆ ಬಾಂಬ್ ಹಾಕಲು ಹೊರಟಿತು. ಒಳಗೆ ಒಂಬತ್ತು ಜನ, ಆ ತಂಡಕ್ಕೆ ಅದೇ ಮೊದಲ ದಾಳಿ. ಹೊರಡುವಾಗ ಮರಳುಗಾಳಿ ಬೇರೆ. ದಾಳಿ ಕೈಗೂಡಲಿಲ್ಲ, ಕತ್ತಲಾಯಿತು, ವಿಮಾನ ಒಂಟಿಯಾಗಿ ವಾಪಸ್ ಹೊರಟಿತು. ಮಧ್ಯರಾತ್ರಿ ದಾಟಿದ ಮೇಲೆ ಪೈಲಟ್ ಹ್ಯಾಟನ್ ರೇಡಿಯೋದಲ್ಲಿ ಬೆಂಘಾಜಿ ಹತ್ತಿರದ ಬೆನಿನಾ ಸ್ಟೇಷನ್ನಿಗೆ ಕೇಳಿದ, ನಾವು ಯಾವ ದಿಕ್ಕಿನಲ್ಲಿದ್ದೇವೆ ಹೇಳಿ ಅಂತ. ಬಂದ ಉತ್ತರ 330 ಡಿಗ್ರಿ. ಅಂದರೆ ವಾಯುವ್ಯ, ಸಮುದ್ರದ ಕಡೆ. ಇಟಲಿಯಿಂದ ಬರುವ ವಿಮಾನ ಆ ಕಡೆಯೇ ಇರಬೇಕು, ಅಲ್ವಾ?

ಆ ಕಾಲದಲ್ಲಿ ಸ್ಟೇಷನ್ನಿನವರು ದಿಕ್ಕು ಹಿಡಿಯಲು ಬಳಸುತ್ತಿದ್ದ ಸುತ್ತು ತಂತಿಯ ಆಂಟೆನಾಕ್ಕೆ ಒಂದು ಮಿತಿ ಇತ್ತು. ಸಿಗ್ನಲ್ ಯಾವ ಗೆರೆಯ ಮೇಲೆ ಬರುತ್ತಿದೆ ಅಂತ ಅದು ಹೇಳುತ್ತದೆ, ಆ ಗೆರೆಯ ಯಾವ ತುದಿಯಿಂದ ಅಂತ ಹೇಳುವುದಿಲ್ಲ. 330 ಅಂದರೆ 150 ಕೂಡ ಆಗಬಹುದು. ಆ ಹೊತ್ತಿಗೆ ವಿಮಾನ ಮೋಡದ ಮೇಲೆ ನೆಲೆಯನ್ನು ದಾಟಿ ಆಗ್ನೇಯಕ್ಕೆ, ಮರುಭೂಮಿಯೊಳಕ್ಕೆ ನುಗ್ಗಿತ್ತು ಅನ್ನುವುದೇ ಇವತ್ತು ಬಹುತೇಕರು ಒಪ್ಪುವ ವಿವರಣೆ. ಕೆಳಗಿನ ಕತ್ತಲೆ ಸಮುದ್ರವೋ ಮರಳೋ ರಾತ್ರಿಯಲ್ಲಿ ಹೇಗೆ ಗೊತ್ತಾಗಬೇಕು? ಇನ್ನೂ ಸುಮಾರು ಎರಡು ಗಂಟೆ ಹಾರಿದರು. ಇಂಧನ ಮುಗಿಯುತ್ತಾ ಬಂದಾಗ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು.

ಮುಂದಿನದನ್ನು ಮೇಷ್ಟ್ರು ತುಂಬ ನಿಧಾನವಾಗಿ ಹೇಳುತ್ತಾರೆ. ಒಬ್ಬನ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಉಳಿದ ಎಂಟು ಜನ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಎಲ್ಲರಿಗೂ ಸೇರಿ ಕುಡಿಯಲು ಇದ್ದದ್ದು ಒಂದೇ ಬಾಟಲಿಯಲ್ಲಿದ್ದ ನೀರು. ನೆಲೆ ಹತ್ತಿರದಲ್ಲೇ ಇದೆ ಅಂದುಕೊಂಡು ವಾಯುವ್ಯಕ್ಕೆ ನಡೆದರು. ನಿಜವಾಗಿ ಅದು 600 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿತ್ತು. ದಿನಕ್ಕೆ ಒಂದೊಂದು ಮುಚ್ಚಳ ನೀರು ಕುಡಿದು ಸುಮಾರು 130 ಕಿಲೋಮೀಟರ್ ನಡೆದ ಮೇಲೆ ಐದು ಜನ ನಿಂತುಬಿಟ್ಟರು, ಮೂವರು ಸಹಾಯ ತರಲು ಮುಂದೆ ಹೋದರು. ಸಹಪೈಲಟ್ ಟೋನರ್ ಬರೆದಿಟ್ಟ ಡೈರಿಯ ಕೊನೆಯ ದಿನ ಏಪ್ರಿಲ್ 12. ತೈಲ ಹುಡುಕುವವರ ಕಣ್ಣಿಗೆ ವಿಮಾನ ಬಿದ್ದದ್ದು 1958ರಲ್ಲಿ, ಶವಗಳು ಸಿಕ್ಕಿದ್ದು 1960ರಲ್ಲಿ. ಒಬ್ಬ ಇವತ್ತಿಗೂ ಸಿಕ್ಕಿಲ್ಲ.

ನಮ್ಮ ಜೊತೆಗಿದ್ದ ಕಾಲೇಜು ಹುಡುಗಿಯೊಬ್ಬಳು ಕೇಳಿದಳು, "ಸರ್, ವಿಮಾನ ಏನಾಯ್ತು?"

"ಪೈಲಟ್ ಇಲ್ಲದೆ ತಾನೇ ಇಳೀತಮ್ಮ. ಇವರು ಹಾರಿದ ಜಾಗದಿಂದ ದಕ್ಷಿಣಕ್ಕೆ ಬರೀ 25 ಕಿಲೋಮೀಟರ್ ಚಿಲ್ಲರೆ. ಅದರಲ್ಲಿ ನೀರಿತ್ತು, ಊಟ ಇತ್ತು, ರೇಡಿಯೋನೂ ಇತ್ತು. ಇವರು ಉತ್ತರಕ್ಕೆ ನಡೆದರು."

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದಾದ ಮೇಲೆ ಅವರು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ತೆಗೆಯುತ್ತಾರೆ. ನನಗೆ ಇಡೀ ದಿನದಲ್ಲಿ ಹೆಚ್ಚು ಹಿಡಿಸಿದ ಭಾಗ ಇದು. ಮೀಡಿಯಂ ವೇವ್‌ನಲ್ಲಿ ಭದ್ರಾವತಿ ಆಕಾಶವಾಣಿ ಹಿಡಿದು, ರೇಡಿಯೋವನ್ನು ಮೆಲ್ಲಗೆ ತಿರುಗಿಸಲು ಹೇಳುತ್ತಾರೆ. ಒಂದು ಕೋನಕ್ಕೆ ಬಂದಾಗ ದನಿ ಸಣ್ಣಗಾಗಿ ಅಡಗಿಬಿಡುತ್ತದೆ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಆಗ ಸ್ಟೇಷನ್ ಕಡೆಗೆ ನೆಟ್ಟಗಿರುತ್ತದೆ. ಸರಿ, ಭದ್ರಾವತಿ ಉತ್ತರದಲ್ಲಿದೆ ಅಂತ ನಮಗೆ ಮೊದಲೇ ಗೊತ್ತು. ಅದನ್ನು ಮರೆತುಬಿಡಿ, ಕಡ್ಡಿಗೆ ಇನ್ನೊಂದು ತುದಿಯೂ ಇದೆಯಲ್ಲ, ಅದು ಸಕಲೇಶಪುರದ ಕಡೆ ತೋರಿಸುತ್ತಿದೆ, ಸ್ಟೇಷನ್ ಆ ಕಡೆ ಇಲ್ಲ ಅಂತ ಈ ರೇಡಿಯೋ ಒಂದನ್ನೇ ಇಟ್ಟುಕೊಂಡು ಹೇಳಿ ನೋಡೋಣ ಅನ್ನುತ್ತಾರೆ. ಹೇಳಲು ಆಗುವುದಿಲ್ಲ. ಎರಡನೇ ಸ್ಟೇಷನ್ ಬೇಕು, ಇಲ್ಲವೇ ಅಡ್ಡಕ್ಕೆ ಸಾಕಷ್ಟು ದೂರ ಹೋಗಿ ಇನ್ನೊಮ್ಮೆ ಅಳೆಯಬೇಕು. ಹ್ಯಾಟನ್‌ಗೆ ಸಿಕ್ಕಿದ್ದು ಒಂದೇ ಸ್ಟೇಷನ್ನಿನ ಒಂದೇ ಉತ್ತರ.

ಮಧ್ಯಾಹ್ನ ಬೆಟ್ಟದ ಮೇಲೆ ಕಂಪಾಸ್ ಕೆಲಸ. ಮುಳ್ಳಯ್ಯನಗಿರಿ ತುದಿ ಮತ್ತು ದೇವೀರಮ್ಮನ ಬೆಟ್ಟ, ಎರಡರ ಕಡೆಗೂ ಕೋನ ಅಳೆದು ನಕ್ಷೆಯ ಮೇಲೆ ಎರಡು ಗೆರೆ ಎಳೆಯಬೇಕು. ಗೆರೆಗಳು ಸೇರುವ ಜಾಗದಲ್ಲಿ ನಾವಿದ್ದೇವೆ. ಆಮೇಲೆ ಅದೇ ಕಂಪಾಸನ್ನು ಜೀಪಿನ ಬಾನೆಟ್ ಮೇಲೆ ಇಟ್ಟು ತೋರಿಸುತ್ತಾರೆ, ಮುಳ್ಳು ಪೂರ್ತಿ ಬೇರೆ ಕಡೆ ತಿರುಗುತ್ತದೆ. ಮರುಭೂಮಿಯಲ್ಲಿ ಟ್ರಕ್ ಓಡಿಸುತ್ತಿದ್ದ ಬ್ರಿಟಿಷ್ ದಳದವರು ಇದೇ ಕಾರಣಕ್ಕೆ ನೆರಳು ನೋಡಿ ದಿಕ್ಕು ಹಿಡಿಯುವ ಸೂರ್ಯ ಕಂಪಾಸ್ ಬಳಸುತ್ತಿದ್ದರು. ಇನ್ನೂ ಒಂದು ವಿಷಯ ಇದೆ. ಬಾಬಾಬುಡನ್ ಸಾಲಿನ ಬಂಡೆಯಲ್ಲೇ ಕಬ್ಬಿಣದ ಅದಿರಿದೆ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿದ್ದದ್ದು ಅದೇ ಅದಿರು. ಹಾಗಾಗಿ ಒಂದು ಬಂಡೆಯ ಪಕ್ಕ ನಿಂತು ಅಳೆದದ್ದನ್ನು ನಂಬದೆ, ಹತ್ತು ಹೆಜ್ಜೆ ಸರಿದು ಇನ್ನೊಮ್ಮೆ ಅಳೆಯಿರಿ ಅಂತ ಪಟ್ಟು ಹಿಡಿಯುತ್ತಾರೆ. ಒಂದು ಡಿಗ್ರಿ ತಪ್ಪಿದರೆ 60 ಕಿಲೋಮೀಟರಿಗೆ ಒಂದು ಕಿಲೋಮೀಟರ್ ಪಕ್ಕಕ್ಕೆ ಹೋಗುತ್ತೇವೆ ಅನ್ನುವ ಲೆಕ್ಕವನ್ನು ಎಲ್ಲರ ಬಾಯಲ್ಲೂ ಹೇಳಿಸುತ್ತಾರೆ.

1942ರ ಮೇ ತಿಂಗಳಲ್ಲಿ ಲಿಬಿಯಾದ ಕುಫ್ರಾ ಓಯಸಿಸ್ಸಿನಿಂದ ಹೊರಟ ದಕ್ಷಿಣ ಆಫ್ರಿಕಾದ ಮೂರು ಬ್ಲೆನ್‌ಹೈಮ್ ವಿಮಾನಗಳ ಕತೆಯೂ ಬರುತ್ತದೆ. ದಾರಿ ತಪ್ಪಿ ಮರಳಿನಲ್ಲಿ ಇಳಿದ 12 ಜನರಲ್ಲಿ ಬದುಕಿದ್ದು ಒಬ್ಬನೇ. ಇದನ್ನು ಊಟಕ್ಕೆ ಮೊದಲು ಅವಸರದಲ್ಲಿ ಮುಗಿಸಿದರು. ವಿಮಾನ ಕೆಡದೆ ನೆಲಕ್ಕಿಳಿದ ಮೇಲೂ ಜನ ಯಾಕೆ ಸತ್ತರು, ನೀರು ಹೇಗೆ ಅಷ್ಟು ಬೇಗ ಮುಗಿಯಿತು ಅನ್ನುವುದು ಚಾರಣ ಮಾಡುವವರಿಗೆ ಬಹಳ ಮುಖ್ಯ. ಅದಕ್ಕೆ ಇನ್ನೊಂದು ಅರ್ಧ ಗಂಟೆ ಕೊಡಬೇಕಿತ್ತು.

ಇನ್ನು ಸರಿಯಾಗದೆ ಇರುವುದು. ಕಂಪಾಸುಗಳು ಸಾಲುವುದಿಲ್ಲ, ಮೂರು ನಾಲ್ಕು ಜನಕ್ಕೆ ಒಂದು. ಇರುವುದರಲ್ಲೂ ಕೆಲವು ಯುರೋಪಿಗೆ ಅಂತ ಮಾಡಿದವು. ಅಲ್ಲಿ ಭೂಮಿಯ ಕಾಂತ ಮುಳ್ಳಿನ ಉತ್ತರದ ತುದಿಯನ್ನು ಜೋರಾಗಿ ಕೆಳಗೆ ಎಳೆಯುತ್ತದೆ, ಅದಕ್ಕೆ ದಕ್ಷಿಣದ ತುದಿಗೆ ತೂಕ ಹಾಕಿರುತ್ತಾರೆ. ನಮ್ಮ ಕಡೆ ಆ ಎಳೆತ ತೀರ ಕಡಿಮೆ, ಹಾಗಾಗಿ ಮುಳ್ಳು ಓರೆಯಾಗಿ ತಳಕ್ಕೆ ಉಜ್ಜುತ್ತದೆ. ಸ್ವಂತ ಕಂಪಾಸ್ ಕೊಳ್ಳುವವರು ಅಂಗಡಿಯಲ್ಲಿ ಇದನ್ನು ಕೇಳಿಯೇ ಕೊಳ್ಳಿ. ನಕ್ಷೆಗಳು ಜೆರಾಕ್ಸ್, ಎತ್ತರದ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ದುಡ್ಡು ತಗೊಂಡ ಮೇಲೆ ಬಣ್ಣದ ಪ್ರತಿ ಕೊಡಬೇಕು.

ಊಟದ ಬಗ್ಗೆ ದೂರಿಲ್ಲ. ಬೆಳಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಮಧ್ಯಾಹ್ನ ಬಿಸಿ ಕಡುಬು, ಕೇಳಿದಾಗಲೆಲ್ಲ ಕಾಫಿ. ಅಡುಗೆಯ ಅಕ್ಕ ಬೇಡ ಅಂದರೂ ಬಡಿಸುತ್ತಾರೆ. ಚಿಕ್ಕ ಮಕ್ಕಳನ್ನು ಕರೆತರಬೇಡಿ, ಬೆಳಗಿನ ಕತೆ ಅವರಿಗೆ ಭಾರ. ಹೈಸ್ಕೂಲ್ ದಾಟಿದ ಮಕ್ಕಳಿಗೆ ಮಾತ್ರ ಖಂಡಿತ ತೋರಿಸಿ, ಜ್ಯಾಮಿತಿ ಯಾಕೆ ಬೇಕು ಅಂತ ಅವರು ಮತ್ತೆ ಕೇಳುವುದಿಲ್ಲ. ಮಳೆಗಾಲದಲ್ಲಿ ಹೋದರೆ ಇಂಬಳ ಜಾಸ್ತಿ, ಉದ್ದ ಸಾಕ್ಸ್ ಹಾಕಿ, ಉಪ್ಪು ಇಟ್ಟುಕೊಳ್ಳಿ. ಬೆಟ್ಟದ ತುದಿಗಳು ಕಾಣಬೇಕು ಅಂದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಮೇಷ್ಟ್ರಿಗೆ ನನ್ನದೊಂದು ಬೇಡಿಕೆ ಇದೆ, ಹೊರಡುವಾಗ ಹೇಳಿಯೂ ಬಂದಿದ್ದೇನೆ. ರಾತ್ರಿ ಕ್ಲಾಸ್ ಒಂದು ಶುರು ಮಾಡಿ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನಾವಿರುವ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ. ನಮ್ಮಲ್ಲಿ ಅದು 13ರ ಆಸುಪಾಸು. ಸೊಲುಕ್‌ನಲ್ಲಿ ಸುಮಾರು 32, ಲೇಡಿ ಬಿ ಗುಡ್ ಬಿದ್ದ ಜಾಗದಲ್ಲಿ 27ಕ್ಕೂ ಸ್ವಲ್ಪ ಕಡಿಮೆ. ಆ ಐದು ಡಿಗ್ರಿ ವ್ಯತ್ಯಾಸವನ್ನು ನಮ್ಮ ಕೈಯಾರೆ ಅಳೆದು ನೋಡುವ ಹಾಗೆ ಯಾರಾದರೂ ಕಲಿಸಿದರೆ ನಾನು ಹಾಸನದಿಂದ ಬಸ್ಸು ಹತ್ತಿ ಮತ್ತೆ ಬರುತ್ತೇನೆ. ಚಳಿಗಾಲದಲ್ಲಿ ಆಕಾಶ ತಿಳಿಯಾದ ಮೇಲೆ ನೋಡೋಣ ಅಂದಿದ್ದಾರೆ. ಆಸಕ್ತಿ ಇರುವವರು ನೀವೂ ಅಲ್ಲಿಗೆ ಹೋದಾಗ ಕೇಳಿ, ನಾಲ್ಕು ಜನ ಕೇಳಿದರೆ ಬೇಗ ಶುರುವಾಗುತ್ತದೆ.